ಬಿಸಿಲಿಗೆ ಕೈಕೊಡುವ ಇಂಜೆಕ್ಷನ್: ಹಳೆಯ ಗಾಡಿಯ ಪೆಟ್ರೋಲ್ ಲೈನನ್ನು ಟ್ಯಾಂಕಿನ ಕಡೆಯಿಂದ ಸರಿಪಡಿಸುವ ಕ್ರಮ

ಕಾರ್ಬೊರೇಟರ್ ತೆಗೆದು ಫ್ಯೂಯಲ್ ಇಂಜೆಕ್ಷನ್ ಹಾಕಿಸಿದ ಹಳೆಯ ಕಾರು ಚಳಿಗಾಲವೆಲ್ಲ ಚಕಾರವೆತ್ತದೆ ಓಡುತ್ತದೆ. ಬಿಸಿಲು ಏರಿದ ಕೂಡಲೇ ರಗಳೆ ಶುರು. ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೋಗುವಾಗ ಹಿಂಬದಿಯಿಂದ ಪಂಪಿನ ಸದ್ದು ಜೋರಾಗುತ್ತದೆ, ಆಕ್ಸಿಲರೇಟರ್ ಒತ್ತಿದರೆ ಗಾಡಿ ಮುಗ್ಗರಿಸುತ್ತದೆ, ಕೊನೆಗೆ ಆಫ್. ಅರ್ಧ ಗಂಟೆ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಬಾನೆಟ್ ಎತ್ತಿ ಇಂಜಿನ್ ಪಕ್ಕದ ಪೈಪುಗಳಿಗೆ ಬೆಳ್ಳಿ ಬಣ್ಣದ ಹೊದಿಕೆ ಸುತ್ತಲು ಹೊರಡುತ್ತಾರೆ. ನನ್ನ ಪ್ರಕಾರ ಅದು ಕೊನೆಯಲ್ಲಿ ಮಾಡುವ ಕೆಲಸ. ತೊಂದರೆಯ ಮೂಲ ಬಹುತೇಕ ಗಾಡಿಯ ಹಿಂಭಾಗದಲ್ಲಿ, ಟ್ಯಾಂಕಿನಿಂದ ಪಂಪಿನವರೆಗಿನ ಒಂದೆರಡು ಅಡಿ ಪೈಪಿನಲ್ಲಿ ಇರುತ್ತದೆ.

ಪೆಟ್ರೋಲ್ ಕುದಿಯುವುದು ಎಲ್ಲಿ?

ಪೆಟ್ರೋಲ್ ಹಲವು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರೊಳಗಿನ ಹಗುರ ಅಂಶಗಳು ವಾತಾವರಣದ ಒತ್ತಡದಲ್ಲಿ 35ರಿಂದ 40 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯಲು ಶುರುಮಾಡುತ್ತವೆ. ಒತ್ತಡ ಏರಿದಷ್ಟೂ ಈ ಮಿತಿ ಮೇಲಕ್ಕೆ ಹೋಗುತ್ತದೆ, ಕುಕ್ಕರಿನೊಳಗಿನ ನೀರು ನೂರು ಡಿಗ್ರಿ ದಾಟಿಯೂ ನೀರಾಗಿಯೇ ಇರುವ ಹಾಗೆ. ಇಂದಿನ ಥ್ರಾಟಲ್ ಬಾಡಿ (ಕಾರ್ಬೊರೇಟರ್ ಜಾಗದಲ್ಲಿ ಕೂರುವ ಭಾಗ) ಇಂಜೆಕ್ಷನ್ ಕಿಟ್‌ಗಳಲ್ಲಿ ಹೆಚ್ಚಿನವು ಸುಮಾರು 58 ಪಿಎಸ್‌ಐ, ಅಂದರೆ 4 ಬಾರ್ ಒತ್ತಡದಲ್ಲಿ ಕೆಲಸ ಮಾಡುತ್ತವೆ. ಅಷ್ಟು ಒತ್ತಡದಲ್ಲಿರುವ ಪೆಟ್ರೋಲ್ ನೂರು ಡಿಗ್ರಿಯ ಆಸುಪಾಸಿನಲ್ಲೂ ಸಾಮಾನ್ಯವಾಗಿ ಕುದಿಯುವುದಿಲ್ಲ. ಹಾಗಾಗಿ ಇಂಜಿನ್ ಓಡುತ್ತಿರುವಾಗ ಬಾನೆಟ್ ಒಳಗಿನ ಪೈಪಿನಲ್ಲಿ ಆವಿ ತುಂಬಿಕೊಳ್ಳುವುದು ಅಪರೂಪ.

ಟ್ಯಾಂಕಿನಿಂದ ಪಂಪಿಗೆ ಬರುವ ಪೈಪಿನಲ್ಲಿ ಕಥೆ ಉಲ್ಟಾ. ಪಂಪ್ ಎಳೆಯುವಾಗ ಆ ಪೈಪಿನೊಳಗಿನ ಒತ್ತಡ ವಾತಾವರಣಕ್ಕಿಂತಲೂ ಕೆಳಗಿಳಿಯುತ್ತದೆ, ಕುದಿಯುವ ಮಿತಿಯೂ ಅದರ ಜೊತೆಗೇ ಇಳಿಯುತ್ತದೆ. ಅಲ್ಲಿ ಗುಳ್ಳೆ ಎದ್ದರೆ ಪಂಪಿಗೆ ಅದನ್ನು ತಳ್ಳಲು ಬರುವುದಿಲ್ಲ. ಪಂಪಿನ ಒಳಗಿನ ನಯವೂ ತಂಪೂ ಪೆಟ್ರೋಲಿನಿಂದಲೇ ಬರಬೇಕಾದ್ದರಿಂದ ಗುಳ್ಳೆ ನುಂಗಿದ ಪಂಪ್ ತಾನೂ ಬಿಸಿಯಾಗಿ ಇನ್ನಷ್ಟು ಗುಳ್ಳೆ ಎಬ್ಬಿಸುತ್ತದೆ.

ಕಾರ್ಬೊರೇಟರ್ ಇದ್ದಾಗ ಇದೇ ಪೈಪು ಸಾಕಾಗುತ್ತಿತ್ತಲ್ಲ ಎಂದು ಕೇಳಬಹುದು. ಆಗ ಎಳೆಯುತ್ತಿದ್ದದ್ದು ಇಂಜಿನ್ ಕುಡಿಯುವಷ್ಟನ್ನು ಮಾತ್ರ, ಸಮವೇಗದ ಓಟದಲ್ಲಿ ಗಂಟೆಗೆ ಹತ್ತು ಲೀಟರಿನ ಸುತ್ತಮುತ್ತ. ಈಗ ಗಂಟೆಗೆ 255 ಲೀಟರ್ ಸಾಮರ್ಥ್ಯದ ಪಂಪನ್ನು ಟ್ಯಾಂಕಿನೊಳಗಿಂದ ಪೆಟ್ರೋಲ್ ಎತ್ತುವ ಅದೇ 8 ಮಿ.ಮೀ. ಪಿಕಪ್ ಪೈಪಿಗೆ, ಅದೇ ಹಳೆಯ ಜಾಲರಿಗೆ ಕಟ್ಟಿದ್ದೇವೆ. ಕುಡಿದು ಉಳಿದದ್ದೆಲ್ಲ ಟ್ಯಾಂಕಿಗೇ ರಿಟರ್ನ್ ಆಗುತ್ತದೆ ನಿಜ, ಆದರೆ ಎಳೆಯುವ ಪೈಪಿನಲ್ಲಿ ಅಷ್ಟೂ ಹರಿಯಲೇಬೇಕು.

ಕಾರ್ಖಾನೆಯಿಂದಲೇ ಇಂಜೆಕ್ಷನ್ ಸಮೇತ ಬಂದ ಗಾಡಿಗಳಿಗೂ ಈ ಪಾಠ ತಪ್ಪಲಿಲ್ಲ. ಟ್ಯಾಂಕ್ ಮುಂಭಾಗದಲ್ಲಿರುವ ಪೋರ್ಶೆ 914 ಕಾರಿನಲ್ಲಿ ಪಂಪ್ ಮೊದಲು ಇಂಜಿನ್ ಬಳಿ, ಬಿಸಿ ಜಾಗದಲ್ಲಿತ್ತು. ವೇಪರ್ ಲಾಕ್, ಅಂದರೆ ಆವಿಯ ಗುಳ್ಳೆ ಪೆಟ್ರೋಲಿನ ದಾರಿ ಕಟ್ಟುವ ತೊಂದರೆ, ಕಾಟ ಕೊಟ್ಟಿತು. 1975ರ ಮಾಡೆಲ್‌ನಿಂದ ಅದನ್ನು ಮುಂಭಾಗಕ್ಕೆ, ಟ್ಯಾಂಕಿನ ಬಳಿಗೆ ಸ್ಥಳಾಂತರಿಸಿದರು.

ಬಾನೆಟ್ ಒಳಗೆ ಪೆಟ್ರೋಲ್ ಕುದಿಯುವುದು ಅಪರೂಪ ಎಂದೆನಲ್ಲ, ಅದಕ್ಕೆ ಒಂದು ಅಪವಾದವುಂಟು. 1980ರ ದಶಕದ ಜನರಲ್ ಮೋಟರ್ಸ್ ಥ್ರಾಟಲ್ ಬಾಡಿಯನ್ನು ಹಳೆಯ ಗಾಡಿಗೆ ಕೂರಿಸಿಕೊಂಡವರು ಹಲವರಿದ್ದಾರೆ. ಅದರ ಒತ್ತಡ 9ರಿಂದ 13 ಪಿಎಸ್‌ಐ ಅಷ್ಟೇ. ಅಷ್ಟು ಕಡಿಮೆ ಒತ್ತಡದಲ್ಲಿ ಇಂಜಿನ್ ಬಳಿಯೂ ಪೆಟ್ರೋಲ್ ಕುದಿಯಬಲ್ಲದು. ಅಂಥವರು ಮುಂದೆ ಬರುವ ಬಾನೆಟ್ಟಿನ ಭಾಗವನ್ನೂ ಅಷ್ಟೇ ಗಮನದಿಂದ ಓದಬೇಕು.

ದುಡ್ಡು ಬಿಚ್ಚುವ ಮೊದಲು ಗೇಜ್ ಹಾಕಿ

ಬಿಸಿಗೆ ಆಫ್ ಆಗುವ ಗಾಡಿಗಳೆಲ್ಲ ಪೆಟ್ರೋಲ್ ಸಿಗದೆಯೇ ನಿಲ್ಲುವುದಿಲ್ಲ. ಇಗ್ನಿಷನ್ ಮಾಡ್ಯೂಲ್, ಕಾಯಿಲ್, ಕ್ರ್ಯಾಂಕ್ ಸೆನ್ಸರ್ ಕೂಡ ಬಿಸಿಯಾದಾಗ ಸತ್ತು ತಣಿದಾಗ ಬದುಕುತ್ತವೆ. ಗಾಡಿ ನಿಂತ ಆ ಗಳಿಗೆಯಲ್ಲಿ ಒತ್ತಡ ಎಷ್ಟಿತ್ತು, ಪ್ಲಗ್ಗಿನಲ್ಲಿ ಕಿಡಿ ಇತ್ತೋ ಇಲ್ಲವೋ, ಈ ಎರಡು ಉತ್ತರ ಸಿಗುವ ತನಕ ಒಂದು ನಟ್ಟನ್ನೂ ಬಿಚ್ಚಬೇಡಿ.

ಎಲೆಕ್ಟ್ರಿಕ್ ಸೆಂಡರ್ ಇರುವ ಫ್ಯೂಯಲ್ ಪ್ರೆಷರ್ ಗೇಜ್ ಹಾಕಿ, ಡಿಸ್‌ಪ್ಲೇಯನ್ನು ಡ್ರೈವರಿಗೆ ಕಾಣುವ ಕಡೆ ಇಡಿ. ಪೆಟ್ರೋಲ್ ತುಂಬಿದ ಪೈಪನ್ನು ಗಾಡಿಯೊಳಗೆ ಎಳೆದು ತರುವ ಗೇಜ್ ಖಂಡಿತ ಬೇಡ. ಇಸಿಯು, ಅಂದರೆ ಇಂಜೆಕ್ಷನ್ ನಡೆಸುವ ಕಂಪ್ಯೂಟರ್, ಲಾಗ್ ಮಾಡುವಂತಿದ್ದರೆ ಒತ್ತಡ, ಬ್ಯಾಟರಿ ವೋಲ್ಟೇಜ್, ಗಾಳಿಯ ಉಷ್ಣತೆ, ಏರ್-ಫ್ಯೂಯಲ್ ಅನುಪಾತ ಇವಿಷ್ಟನ್ನೂ ದಾಖಲಿಸಿ. ಆಮೇಲೆ ಬಿಸಿಲಲ್ಲಿ ಓಡಿಸಿ, ತೊಂದರೆ ಬರಲಿ ಬಿಡಿ.

ಓಡುತ್ತಿರುವಾಗಲೇ ಪಂಪಿನ ಸದ್ದು ಕರ್ಕಶವಾಗಿ, ಮುಳ್ಳು 58ರಿಂದ ನಡುಗುತ್ತ 45ಕ್ಕೆ, 40ಕ್ಕೆ ಇಳಿದು, ಮಿಶ್ರಣ ಲೀನ್ ಆದರೆ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾದರೆ) ಎಳೆಯುವ ಬದಿಯಲ್ಲಿ ಗುಳ್ಳೆ ಏಳುತ್ತಿದೆ. ಕಿವಿ ಇಲ್ಲಿ ಗೇಜಿನಷ್ಟೇ ನಂಬಿಕಸ್ಥ. ಕೇಳಿ ಅಭ್ಯಾಸವಾದರೆ ಮುಳ್ಳು ಅಲುಗುವ ಮೊದಲೇ ಸದ್ದಿನಿಂದ ತಿಳಿಯುತ್ತದೆ. ಖಚಿತಪಡಿಸಿಕೊಳ್ಳಲು ಪಂಪಿನ ಮೇಲೂ ಅದಕ್ಕೆ ಬರುವ ಪೈಪಿನ ಮೇಲೂ ಒದ್ದೆ ಬಟ್ಟೆ ಹಾಕಿ, ವೈರಿನ ತುದಿಗಳಿಗೆ ನೀರು ತಾಗದಂತೆ. ಕೆಲವೇ ನಿಮಿಷದಲ್ಲಿ ಒತ್ತಡ ಚೇತರಿಸಿಕೊಂಡರೆ ಅನುಮಾನಕ್ಕೆ ಜಾಗವಿಲ್ಲ.

ಓಡುವಾಗ ಸರಿಯಿದ್ದು, ಇಪ್ಪತ್ತು ನಿಮಿಷ ನಿಲ್ಲಿಸಿ ಬಂದ ಮೇಲೆ ಸ್ಟಾರ್ಟ್ ಆಗಲು ಸತಾಯಿಸಿ, ಮೊದಲ ಒಂದು ನಿಮಿಷ ಮಿಸ್ ಹೊಡೆದು ಆಮೇಲೆ ಸರಿಹೋದರೆ ಅದು ಬೇರೆಯೇ ಕಾಯಿಲೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಒತ್ತಡ ಗಟ್ಟಿಯಾಗಿ 58ರಲ್ಲೇ ನಿಂತಿರುವಾಗ ಗಾಡಿ ಆಫ್ ಆದರೆ ಪೆಟ್ರೋಲ್ ಲೈನನ್ನು ಬಿಟ್ಟು ಕಿಡಿಯ ಕಡೆ ಹೋಗಿ.

ಲೈನ್ ಬಿಚ್ಚುವ ಮೊದಲು ಒಂದು ಎಚ್ಚರಿಕೆ. ಕಾರ್ಬೊರೇಟರ್ ಕಾಲದ ಲೈನ್ ಬಿಚ್ಚಿದರೆ ನಾಲ್ಕು ಹನಿ ತೊಟ್ಟಿಕ್ಕುತ್ತಿತ್ತು. 4 ಬಾರ್ ಲೈನ್ ಬಿಚ್ಚಿದರೆ ಪೆಟ್ರೋಲ್ ಮಂಜಿನಂತೆ ಚಿಮ್ಮಿ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬೀಳುತ್ತದೆ. ಪಂಪಿನ ಫ್ಯೂಸ್ ತೆಗೆದು, ಇಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಿ ಒತ್ತಡ ಇಳಿಸಿ, ಇಂಜಿನ್ ತಣಿಯಲು ಬಿಡಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿರಲಿ.

ಟ್ಯಾಂಕಿನಿಂದ ಶುರುಮಾಡಿ

ಮೊದಲ ಪರೀಕ್ಷೆಗೆ ಖರ್ಚೇ ಇಲ್ಲ: ತೊಂದರೆ ಬಂದಾಗ ಟ್ಯಾಂಕಿನ ಮುಚ್ಚಳ ನಿಧಾನವಾಗಿ ತಿರುಗಿಸಿ. ಗಾಳಿ ಸೊಂಯ್ ಎಂದು ಒಳಗೆ ನುಗ್ಗಿ ಗಾಡಿ ಸರಿಹೋದರೆ ಟ್ಯಾಂಕ್ ಉಸಿರಾಡುತ್ತಿಲ್ಲ ಎಂದರ್ಥ. ಇಂಜಿನ್ ಕುಡಿದ ಜಾಗಕ್ಕೆ ಗಾಳಿ ಬರದೆ ಟ್ಯಾಂಕಿನಲ್ಲಿ ನಿರ್ವಾತ ಹುಟ್ಟಿ, ಪಂಪ್ ಅದರ ವಿರುದ್ಧ ಎಳೆಯಬೇಕಾಗುತ್ತದೆ. ಹಳೆಯ ಗಾಡಿಗಳಲ್ಲಿ ಗಾಳಿ ಹೋಗುವ ದಾರಿ ಮುಚ್ಚಳದಲ್ಲೇ ಇರುತ್ತಿತ್ತು. ಬದಲಿಸಿ ಹಾಕಿದ ಮುಚ್ಚಳ ತೂತಿಲ್ಲದ್ದಾಗಿರಬಹುದು, ವೆಂಟ್ ಪೈಪಿನಲ್ಲಿ ಮಣ್ಣೋ ಹುಳುವಿನ ಗೂಡೋ ಕಟ್ಟಿರಬಹುದು. ಗಾಳಿ ಒಳಗೆ ಹೋಗುವ ಬದಲು ಆವಿಯೇ ರಭಸದಿಂದ ಹೊರಬಂದರೆ ಟ್ಯಾಂಕಿನ ಪೆಟ್ರೋಲ್ ತೀರಾ ಬಿಸಿಯಾಗಿದೆ. ಮುಖ ದೂರವಿಟ್ಟು, ಮುಚ್ಚಳವನ್ನು ಪೂರ್ತಿ ತೆಗೆಯದೆ ಹಾಗೇ ಬಿಡಿ. ವೆಂಟ್ ಸರಿಪಡಿಸುವಾಗ ಗಾಡಿ ಮಗುಚಿದರೆ ಮುಚ್ಚಿಕೊಳ್ಳುವ ರೋಲ್‌ಓವರ್ ವಾಲ್ವ್ ಸೇರಿಸುವುದನ್ನು ಮರೆಯಬೇಡಿ.

ಆಮೇಲೆ ಪಿಕಪ್. ದಶಕಗಳ ತುಕ್ಕು, ಅಂಟು ಕಟ್ಟಿದ ಜಾಲರಿ ಗಂಟೆಗೆ ಹತ್ತು ಲೀಟರ್ ಬಿಟ್ಟೀತು, ಇನ್ನೂರು ಲೀಟರ್ ಬಿಡದು. ಟ್ಯಾಂಕ್ ಇಳಿಸಿ ನೋಡುವುದೊಂದೇ ದಾರಿ. ಇದನ್ನು ತಪ್ಪಿಸಿಕೊಳ್ಳಲು ಜನ ಸಾವಿರ ನೆಪ ಹುಡುಕುತ್ತಾರೆ.

ಫಿಲ್ಟರುಗಳ ಜಾಗ ಅದಲುಬದಲಾಗಿರುವುದು ಇನ್ನೊಂದು ಸಾಮಾನ್ಯ ಎಡವಟ್ಟು. ಪಂಪಿಗಿಂತ ಮೊದಲು ದೊಡ್ಡ ಕಣ್ಣಿನದು, ಸುಮಾರು 100 ಮೈಕ್ರಾನ್. ಪಂಪಿನ ನಂತರ 10 ಮೈಕ್ರಾನ್. ಸಣ್ಣ ಕಣ್ಣಿನ ಫಿಲ್ಟರ್ ಪಂಪಿಗಿಂತ ಮೊದಲು ಕೂತಿದ್ದರೆ ಹೊಸದಿದ್ದಾಗಲೂ ಅದು ಎಳೆತಕ್ಕೆ ಅಡ್ಡ, ಕೊಳೆ ಕಟ್ಟಿದ ಮೇಲಂತೂ ಗುಳ್ಳೆಯ ಕಾರ್ಖಾನೆ.

ವೈರಿಂಗ್ ನೋಡದೆ ಮುಂದೆ ಹೋಗಬೇಡಿ. ಇಂಜಿನ್ ಓಡುತ್ತಿರುವಾಗ, ಪಂಪ್ ಚೆನ್ನಾಗಿ ಬಿಸಿಯಾದ ಮೇಲೆ, ಪಂಪಿನ ಎರಡು ಟರ್ಮಿನಲ್‌ಗಳ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದರೆ ಇಲ್ಲಿ 13.3ಕ್ಕಿಂತ ಕೆಳಗೆ ಬರಬಾರದು. 12ಕ್ಕಿಂತ ಕಡಿಮೆ ಕಂಡರೆ ವೈರ್ ಸಣ್ಣದು, ಅಥವಾ ತುಕ್ಕು ಹಿಡಿದ ಚಾಸಿಗೆ ಕೊಟ್ಟ ಅರ್ತ್ ಸರಿಯಿಲ್ಲ. ಪಂಪಿಗೆ ಪ್ರತ್ಯೇಕ ರಿಲೇ, ಬ್ಯಾಟರಿಯಿಂದ ನೇರ ದಪ್ಪ ವೈರ್, ಬ್ಯಾಟರಿಯ ನೆಗೆಟಿವ್‌ವರೆಗೂ ಹೋಗುವ ಸ್ವಂತ ಅರ್ತ್ ಕೊಡಿ. ಟ್ರಾಫಿಕ್ಕಿನಲ್ಲಿ ರೇಡಿಯೇಟರ್ ಫ್ಯಾನ್ ತಿರುಗಿದಾಗಲೇ ಒತ್ತಡ ಬೀಳುವ ಗಾಡಿಗಳಲ್ಲಿ ಹಲವು ಬಾರಿ ಕಾರಣ ಬಿಸಿಯಲ್ಲ, ಇದೇ.

ಪಂಪ್ ಕೂತಿರುವ ಜಾಗ

ಇಷ್ಟೆಲ್ಲ ಸರಿಯಿದ್ದೂ ಪಂಪ್ ಕಿರುಚಿದರೆ ಅದರ ಜಾಗವೇ ತಪ್ಪು. ಎಲೆಕ್ಟ್ರಿಕ್ ಪಂಪ್ ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಸೊನ್ನೆ. ಹೊರಗೆ ಕೂರಿಸುವ ಪಂಪ್ ಟ್ಯಾಂಕಿಗೆ ಆದಷ್ಟು ಹತ್ತಿರ, ಟ್ಯಾಂಕಿನ ತಳಕ್ಕಿಂತ ಕೆಳಮಟ್ಟದಲ್ಲಿ ಇರಬೇಕು, ಪೆಟ್ರೋಲ್ ತನ್ನ ಭಾರದಿಂದಲೇ ಅದರೊಳಗೆ ಇಳಿಯುವ ಹಾಗೆ. ಚಾಸಿ ರೈಲಿನ ಮೇಲೆ ಜಾಗ ಚೆನ್ನಾಗಿದೆಯೆಂದು ಎತ್ತರದಲ್ಲಿ, ಸೈಲೆನ್ಸರ್ ಪೈಪಿನ ಮಗ್ಗುಲಲ್ಲೇ ಬಿಗಿದಿದ್ದರೆ ಬೇಸಿಗೆಯಲ್ಲಿ ಅದು ನಿಮ್ಮನ್ನು ನಡುದಾರಿಯಲ್ಲಿ ಇಳಿಸುವುದು ಖಂಡಿತ. ಎಳೆಯುವ ಬದಿಯ ಪೈಪು ಕನಿಷ್ಠ 10 ಮಿ.ಮೀ. ಒಳವ್ಯಾಸದ್ದಾಗಿರಲಿ, ಬಾಗು ತಿರುವು ಆದಷ್ಟು ಕಡಿಮೆಯಿರಲಿ. ಹಳೆಯ ಮೆಕ್ಯಾನಿಕಲ್ ಪಂಪನ್ನು ಲೈನಿನಲ್ಲೇ ಬಿಟ್ಟಿದ್ದರೆ ತೆಗೆದು, ಇಂಜಿನ್ನಿನ ಆ ತೂತಿಗೆ ಪ್ಲೇಟ್ ಮುಚ್ಚಿ.

ಕೆಲಸ ಒಂದೇ ಸಲಕ್ಕೆ ಮುಗಿಯಬೇಕೆನ್ನುವವರು ಪಂಪನ್ನು ಟ್ಯಾಂಕಿನೊಳಗೇ ಹಾಕಿಸಬೇಕು. ಕಾರ್ಖಾನೆಗಳು ಆ ದಾರಿ ಹಿಡಿದದ್ದು ಸುಮ್ಮನೆ ಅಲ್ಲ. ಪೆಟ್ರೋಲಿನಲ್ಲಿ ಮುಳುಗಿದ ಪಂಪಿಗೆ ಎಳೆಯುವ ಪೈಪೇ ಇರುವುದಿಲ್ಲ, ಸುತ್ತಲಿನ ಪೆಟ್ರೋಲ್ ಅದನ್ನು ತಣಿಸುತ್ತದೆ, ಸದ್ದೂ ಕಡಿಮೆ. ಹಳೆಯ ಟ್ಯಾಂಕಿಗೆ ಹೊಂದಿಸುವ ಪಂಪ್ ಮಾಡ್ಯೂಲ್‌ಗಳು ಸಿಗುತ್ತವೆ. ಟ್ಯಾಂಕಿನ ಮೇಲ್ಭಾಗಕ್ಕೆ ತೂತು ಕೊರೆಯಬೇಕಾಗುತ್ತದೆ. ಆ ತೂತನ್ನು ಪೂರ್ತಿ ಖಾಲಿ ಮಾಡಿ, ಒಳಗಿನ ಆವಿಯನ್ನೂ ತೆಗೆದ ಟ್ಯಾಂಕಿನ ಮೇಲೆ, ಈ ಕೆಲಸ ಗೊತ್ತಿರುವವರಿಂದಲೇ ಮಾಡಿಸಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಪಂಪಿನ ಸುತ್ತ ಬ್ಯಾಫಲ್ (ಅಡ್ಡ ತಡೆಗೋಡೆ) ಇರುವ ತೊಟ್ಟಿ ಹಾಕಿಸಿದರೆ ತಿರುವಿನಲ್ಲಿ ಪೆಟ್ರೋಲ್ ಒಂದು ಕಡೆ ಸರಿದಾಗಲೂ ಪಂಪ್ ಒಣಗುವುದಿಲ್ಲ. ಟ್ಯಾಂಕಿನೊಳಗೆ ಮುಳುಗುವ ಹೋಸ್ ತುಂಡು ಬೇರೆಯೇ ಜಾತಿ, ಎಸ್‌ಎಇ ಜೆ30 ಆರ್10. ಮಾಮೂಲಿ ಹೋಸ್ ಹೊರಗೂ ಒಳಗೂ ಪೆಟ್ರೋಲ್ ತಾಗಿದರೆ ಮೆತ್ತಗಾಗಿ ಹೋಗುತ್ತದೆ.

ಬಾನೆಟ್ ಒಳಗೆ ಸಣ್ಣ ಸರ್ಜ್ ಟ್ಯಾಂಕ್ ಇಟ್ಟು ಅದರಲ್ಲಿ ಹೈ ಪ್ರೆಷರ್ ಪಂಪ್ ಮುಳುಗಿಸುವ ಪದ್ಧತಿಯೂ ಇದೆ. ಹಳೆಯ ಟ್ಯಾಂಕನ್ನು ಮುಟ್ಟಬೇಕಿಲ್ಲವೆಂಬ ಅನುಕೂಲಕ್ಕೆ ಜನ ಮಾರುಹೋಗುತ್ತಾರೆ. ನನಗೆ ಇದು ಹಿಡಿಸದು. ಒಂದೆರಡು ಲೀಟರ್ ಪೆಟ್ರೋಲನ್ನು ಇಂಜಿನ್ ಪಕ್ಕದಲ್ಲೇ, ಬಹುತೇಕ ವಾತಾವರಣದ ಒತ್ತಡದಲ್ಲಿ ಸುತ್ತಿಸುತ್ತಿದ್ದರೆ ಅದು ಕುದಿಯದೆ ಇನ್ನೇನಾದೀತು? ಇದ್ದೇ ಇದೆ ಎನ್ನುವವರು ಅದನ್ನು ಬಾನೆಟ್ಟಿನಿಂದ ಆಚೆ ಸಾಗಿಸಿ, ಅದರ ಮೇಲಿನ ಪೈಪನ್ನು ಮುಚ್ಚಿಬಿಡದೆ ಮುಖ್ಯ ಟ್ಯಾಂಕಿಗೆ ವಾಪಸ್ ಕೊಡಿ. ಆವಿಗೂ ಬಿಸಿ ಪೆಟ್ರೋಲಿಗೂ ಹೊರದಾರಿ ಬೇಕು.

ಸುತ್ತಿ ಸುತ್ತಿ ಬಿಸಿಯಾಗುವ ಪೆಟ್ರೋಲ್

ಟ್ಯಾಂಕಿನಲ್ಲಿ 15 ಲೀಟರ್ ಉಳಿದಿದೆ, ಪಂಪ್ ಗಂಟೆಗೆ 240 ಲೀಟರ್ ಸುತ್ತಿಸುತ್ತಿದೆ ಎಂದುಕೊಳ್ಳಿ. ಅಂದರೆ ಟ್ಯಾಂಕಿನಲ್ಲಿರುವುದೆಲ್ಲ ನಾಲ್ಕು ನಿಮಿಷಕ್ಕೊಮ್ಮೆ ಇಂಜಿನ್ ಬಳಿಗೆ ಹೋಗಿ ಬಿಸಿ ಹೊತ್ತು ತರುತ್ತದೆ. ಪಂಪ್ ತಿನ್ನುವ ಸುಮಾರು 100 ವ್ಯಾಟ್ ಕೂಡ ಕೊನೆಗೆ ಶಾಖವಾಗಿ ಪೆಟ್ರೋಲಿಗೇ ಸೇರುತ್ತದೆ. ತಣಿಯಲು ದಾರಿಯಿಲ್ಲದಿದ್ದರೆ ಅದೊಂದೇ 15 ಲೀಟರನ್ನು ಗಂಟೆಗೆ ಹತ್ತು ಹದಿನೈದು ಡಿಗ್ರಿ ಏರಿಸಬಲ್ಲದು. ಟ್ಯಾಂಕ್ ತುಂಬಿದ್ದಾಗ ಸುಮ್ಮನಿರುವ ಗಾಡಿ ಕಾಲುಭಾಗಕ್ಕೆ ಇಳಿದ ಕೂಡಲೇ ತಕರಾರು ತೆಗೆಯುವುದು ಇದಕ್ಕೇ. ರಿಪೇರಿಯ ತನಕ ಬೇಸಿಗೆಯಲ್ಲಿ ಅರ್ಧ ಟ್ಯಾಂಕಿಗಿಂತ ಕೆಳಗೆ ಬಿಡಬೇಡಿ.

ಶಾಶ್ವತ ಪರಿಹಾರಕ್ಕೆ ಎರಡು ದಾರಿ. ಒತ್ತಡವನ್ನು ಒಂದೇ ಮಟ್ಟದಲ್ಲಿಡುವ ರೆಗ್ಯುಲೇಟರನ್ನು ಟ್ಯಾಂಕಿನ ಹತ್ತಿರಕ್ಕೆ ತಂದು, ಹೆಚ್ಚಾದ ಪೆಟ್ರೋಲನ್ನು ಅಲ್ಲಿಂದಲೇ ತಿರುಗಿಸಿ, ಇಂಜಿನ್ನಿಗೆ ಒಂದೇ ಪೈಪ್ ಕಳಿಸುವುದು ಮೊದಲನೆಯದು. ಕಾರ್ವೆಟ್ ಕಾರಿಗೆಂದು ಬಂದ, ಫಿಲ್ಟರ್ ಮತ್ತು 58 ಪಿಎಸ್‌ಐ ರೆಗ್ಯುಲೇಟರ್ ಒಂದೇ ಡಬ್ಬಿಯಲ್ಲಿರುವ ಬಿಡಿಭಾಗ ಇದಕ್ಕೆ ಬಹಳ ಬಳಕೆಯಲ್ಲಿದೆ. ಟ್ಯಾಂಕ್ ತಂಪಾಗಿರುತ್ತದೆ, ಆದರೆ ಇಂಜಿನ್ ಬಳಿಯ ಪೆಟ್ರೋಲ್ ಐಡ್ಲಿಂಗ್‌ನಲ್ಲಿ ನಿಧಾನಕ್ಕೆ ಸರಿಯುವುದರಿಂದ ಅಲ್ಲಿ ಹೆಚ್ಚು ಬಿಸಿಯಾಗುತ್ತದೆ. ಎರಡನೆಯದು ರಿಟರ್ನ್ ಲೈನನ್ನು ಹಾಗೇ ಉಳಿಸಿ, ಗಾಳಿ ತಾಗುವ ಕಡೆ ಸಣ್ಣ ಕೂಲರ್ ಹಾಕುವುದು, ಇಲ್ಲವೇ ಪಂಪಿನ ವೇಗವನ್ನು ಇಸಿಯುನಿಂದ ತಗ್ಗಿಸುವುದು. 4 ಬಾರ್ ಸಿಸ್ಟಮ್, ಉದ್ದನೆಯ ಟ್ರಾಫಿಕ್, ಸಣ್ಣ ಟ್ಯಾಂಕ್ ಇರುವವರಿಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ. 9-13 ಪಿಎಸ್‌ಐನವರಿಗೆ ಪೆಟ್ರೋಲ್ ಸದಾ ಹರಿಯುತ್ತಿರುವ ಎರಡನೆಯದೇ ಮೇಲು.

ಹಳೆಯ ಆವಿಯ ಪೈಪನ್ನೇ ರಿಟರ್ನ್ ಮಾಡಿಕೊಂಡಿದ್ದರೆ ಅದರ ಅಳತೆ ನೋಡಿ. 6 ಮಿ.ಮೀ. ಪೈಪಿನಲ್ಲಿ ಅಷ್ಟು ಪೆಟ್ರೋಲ್ ವಾಪಸಾಗಲು ಹೆಣಗಿ, ರೆಗ್ಯುಲೇಟರ್ ಎಷ್ಟು ತಿರುಗಿಸಿದರೂ ಒತ್ತಡ ಇಳಿಯುವುದಿಲ್ಲ, ಪಂಪ್ ವೃಥಾ ಬಿಸಿಯಾಗುತ್ತದೆ.

ಬಾನೆಟ್ ಒಳಗಿನದು

ಪೈಪುಗಳು ಸೈಲೆನ್ಸರ್ ಪೈಪಿನಿಂದ ಒಂದು ಗೇಣಾದರೂ ದೂರ ಹೋಗಲಿ. ಆಗದ ಕಡೆ ನಡುವೆ ಗಾಳಿಯಾಡುವಂತೆ ಲೋಹದ ತಗಡು ಅಡ್ಡ ಕೊಡಿ. ಪೈಪಿಗೇ ಅಂಟಿಸುವ ಹೊದಿಕೆಗಿಂತ ಅದು ಎಷ್ಟೋ ಮೇಲು. ಹೊದಿಕೆ ಶಾಖವನ್ನು ತಡಮಾಡುತ್ತದೆ, ತಡೆಯುವುದಿಲ್ಲ. ಥ್ರಾಟಲ್ ಬಾಡಿಯ ಕೆಳಗೆ, ಶಾಖ ಸುಲಭವಾಗಿ ದಾಟದ ಫೀನಾಲಿಕ್ ಸ್ಪೇಸರ್ ಹಾಕಿ. ಹಳೆಯ ವಿ8 ಇಂಜಿನ್ನುಗಳಲ್ಲಿ ಕಾರ್ಬೊರೇಟರ್ ಬೆಚ್ಚಗಿಡಲು ಇನ್‌ಟೇಕ್ ಮ್ಯಾನಿಫೋಲ್ಡ್ ಅಡಿಯಲ್ಲಿ ಎಕ್ಸಾಸ್ಟ್ ಹೊಗೆ ಹಾಯುವ ದಾರಿ ಇರುತ್ತದೆ. ಬಿಸಿ ಹವೆಯಲ್ಲಿ ಅದನ್ನು ಮುಚ್ಚಿಸಿದರೆ ದೊಡ್ಡ ವ್ಯತ್ಯಾಸ ಕಾಣುತ್ತದೆ.

ಹೋಸ್ ಮೇಲಿನ ಬರಹ ಓದಿ. ಜೆ30 ಆರ್7 ಎಂದಿದ್ದರೆ ಅದು ಕಾರ್ಬೊರೇಟರಿನದು, ಇಂದೇ ತೆಗೆಯಿರಿ. ಇಂಜೆಕ್ಷನ್‌ಗೆ ಆರ್9 ಅಥವಾ ಪಿಟಿಎಫ್‌ಇ (ಟೆಫ್ಲಾನ್) ಒಳಪದರದ ಹೋಸ್ ಬೇಕು, ಕ್ಲಾಂಪ್ ಕೂಡ ಅಂಚು ಮಡಚಿದ ಇಂಜೆಕ್ಷನ್ ಕ್ಲಾಂಪೇ ಆಗಬೇಕು.

ಪೆಟ್ರೋಲಿನ ಗುಣವೂ ಲೆಕ್ಕಕ್ಕಿದೆ. ಶುದ್ಧ ಎಥನಾಲ್ 78 ಡಿಗ್ರಿಗೆ ಕುದಿಯುವುದಾದರೂ, ಪೆಟ್ರೋಲಿಗೆ ಶೇಕಡಾ 10 ಬೆರೆಸಿದಾಗ ಮಿಶ್ರಣದ ಆವಿಯ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಚಳಿಗಾಲದ ಪೆಟ್ರೋಲ್ ಬೇರೆಯಾಗಿರುವ ದೇಶಗಳಲ್ಲಿ, ಬೇಗ ಆವಿಯಾಗುವ ಆ ಪೆಟ್ರೋಲ್ ಟ್ಯಾಂಕಿನಲ್ಲಿ ಇರುವಾಗಲೇ ಬಂದ ಮೊದಲ ಬಿಸಿ ದಿನಗಳು ಕಡುಬೇಸಿಗೆಗಿಂತ ಕೆಟ್ಟವು. ಎತ್ತರದ ಘಾಟಿ ರಸ್ತೆಯಲ್ಲಿ ಗಾಳಿಯ ಒತ್ತಡವೇ ಕಡಿಮೆಯಿರುವುದರಿಂದ ತೊಂದರೆ ಇಮ್ಮಡಿಸುತ್ತದೆ.

ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡುವಾಗ

ಇಂಜಿನ್ ಆಫ್ ಮಾಡಿದ ಮೇಲೆ ನೀರಿನ ಓಟವೂ ಗಾಳಿಯೂ ನಿಂತು ಬಾನೆಟ್ ಒಳಗಿನ ಬಿಸಿ ಮುಂದಿನ ಹದಿನೈದು ಇಪ್ಪತ್ತು ನಿಮಿಷ ಏರುತ್ತಲೇ ಹೋಗುತ್ತದೆ. ಲೈನಿನಲ್ಲಿ ಒತ್ತಡ ಉಳಿದಿದ್ದರೆ ಪೆಟ್ರೋಲ್ ಅದನ್ನು ತಾಳಿಕೊಳ್ಳುತ್ತದೆ, ಸೋರಿಹೋಗಿದ್ದರೆ ಕುದಿಯುತ್ತದೆ. 1973ರಲ್ಲಿ ಬಂದ ಬಾಷ್ ಕಂಪನಿಯ ಇಂಜೆಕ್ಷನ್ ವ್ಯವಸ್ಥೆ ಕೆ-ಜೆಟ್ರಾನಿಕ್‌ನಲ್ಲಿ ಆಫ್ ಆದ ಮೇಲೂ ಒತ್ತಡ ಹಿಡಿದಿಡಲೆಂದೇ ಅಕ್ಯುಮುಲೇಟರ್ ಇಟ್ಟಿದ್ದರು.

ಬಿಸಿ ಇಂಜಿನ್ ಆಫ್ ಮಾಡಿ ಗೇಜ್ ನೋಡುತ್ತ ಕೂಡಿ. ಮುಳ್ಳು ಸರ್ರನೆ ಬಿದ್ದರೆ ಮತ್ತೆ ಒತ್ತಡ ತುಂಬಿಸಿ, ಆಫ್ ಮಾಡಿದ ಕೂಡಲೇ ರಿಟರ್ನ್ ಬದಿಯ ರಬ್ಬರ್ ಹೋಸನ್ನು ಅದಕ್ಕೆಂದೇ ಇರುವ ಇಕ್ಕುಳದಿಂದ ಹಿಸುಕಿ. ಒತ್ತಡ ನಿಂತರೆ ರೆಗ್ಯುಲೇಟರ್ ಸೋರುತ್ತಿದೆ. ಇಲ್ಲದಿದ್ದರೆ ಪಂಪಿನಿಂದ ಬರುವ ಹೋಸನ್ನು ಹಿಸುಕಿ. ಆಗ ನಿಂತರೆ, ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವ್ ಹೋಗಿದೆ. ಎರಡೂ ಕಡೆ ಹಿಸುಕಿದರೂ ಬಿದ್ದರೆ ಇಂಜೆಕ್ಟರ್ ತೊಟ್ಟಿಕ್ಕುತ್ತಿದೆ. ಪಿಟಿಎಫ್‌ಇ ಅಥವಾ ತಂತಿ ಹೆಣೆದ ಹೋಸನ್ನು ಮಾತ್ರ ಹಿಸುಕಬೇಡಿ, ಮಡಿಕೆ ಬಿದ್ದರೆ ಮತ್ತೆ ಸರಿಯಾಗದು.

ಇಂಜೆಕ್ಟರ್ ತೊಟ್ಟಿಕ್ಕುವ ಗಾಡಿಯಲ್ಲಿ ಲಕ್ಷಣ ತಿರುಗುಮುರುಗು: ಪೆಟ್ರೋಲ್ ಕೊರತೆಯಲ್ಲ, ಅತಿಯಾಗಿರುತ್ತದೆ. ವಾಸನೆ ಬರುತ್ತದೆ, ಸ್ಟಾರ್ಟ್ ಆದಾಗ ಕಪ್ಪು ಹೊಗೆ. ಆಕ್ಸಿಲರೇಟರನ್ನು ನೆಲದವರೆಗೆ ಒತ್ತಿ ಸೆಲ್ಫ್ ಹೊಡೆದರೆ ಹೆಚ್ಚಿನ ಇಸಿಯುಗಳು ಇಂಜೆಕ್ಟರ್ ಮುಚ್ಚುತ್ತವೆ, ಇಂಜಿನ್ ಒಣಗಿ ಹಿಡಿದುಕೊಳ್ಳುತ್ತದೆ. ಲೀನ್ ಆಗಿರುವ ಗಾಡಿಗೆ ಇದೇ ಉಪಾಯ ಮಾಡಿದರೆ ಇನ್ನೂ ಕೆಡುತ್ತದೆ. ಅದಕ್ಕೆ ಕೀಲಿಯನ್ನು ಆನ್ ಮಾಡಿ ಪಂಪ್ ಎರಡು ಮೂರು ಸೆಕೆಂಡ್ ಓಡಿ ನಿಲ್ಲಲು ಬಿಟ್ಟು, ಆಫ್ ಮಾಡಿ, ಹೀಗೆ ಎರಡು ಮೂರು ಸಲ ಮಾಡಿ ಆಮೇಲೆ ಸೆಲ್ಫ್ ಹೊಡೆಯಿರಿ.

ಒತ್ತಡ ಸರಿಯಿದ್ದೂ ಮೊದಲ ನಿಮಿಷ ಲೀನ್ ಓಡಿದರೆ ಟ್ಯೂನಿಂಗ್ ಕಡೆ ಹೋಗಬಹುದು. ನಿಂತ ಗಾಡಿಯ ಏರ್ ಟೆಂಪರೇಚರ್ ಸೆನ್ಸರ್ ತಾನೇ ಕಾದು, ಒಳಬರುವ ಗಾಳಿ ನಿಜಕ್ಕಿಂತ ಬಿಸಿಯೆಂದು ಇಸಿಯುಗೆ ಹೇಳುತ್ತದೆ. ಇಸಿಯು ಪೆಟ್ರೋಲ್ ಕಡಿತಗೊಳಿಸುತ್ತದೆ. ಸೆನ್ಸರನ್ನು ಏರ್ ಫಿಲ್ಟರಿನ ಕಡೆಗೆ ಸರಿಸಿ, ಬಿಸಿ ಸ್ಟಾರ್ಟಿನ ನಂತರದ ಹೆಚ್ಚುವರಿ ಪೆಟ್ರೋಲನ್ನು ಸ್ವಲ್ಪ ಏರಿಸಿ. ಪಂಪ್ ಕಿರುಚುತ್ತಿರುವ ಗಾಡಿಯಲ್ಲಿ ಇಸಿಯುವಿನ ಈ ಪೆಟ್ರೋಲ್ ಲೆಕ್ಕಕ್ಕೆ ಕೈ ಹಾಕಿದರೆ ಬೇಸಿಗೆ ಕಳೆದ ಮೇಲೆ ಇನ್ನೊಮ್ಮೆ ಹಿಂದಕ್ಕೆ ತಿದ್ದಬೇಕಾಗುತ್ತದೆ.

ಸರಿಯಾಯಿತೆಂದು ತಿಳಿಯುವುದು ಹೇಗೆ?

ತಂಪು ಹೊತ್ತಿನಲ್ಲಿ, ತುಂಬಿದ ಟ್ಯಾಂಕಿನಲ್ಲಿ ನೋಡಿ ಪ್ರಯೋಜನವಿಲ್ಲ. ಟ್ಯಾಂಕ್ ಕಾಲುಭಾಗಕ್ಕೆ ಇಳಿದಿರುವಾಗ, ಬಿಸಿಲು ಏರಿದ ಮಧ್ಯಾಹ್ನ, ಒಂದು ಗಂಟೆ ಓಡಿಸಿ ತಂದು ಅರ್ಧ ಗಂಟೆ ಐಡ್ಲಿಂಗ್‌ನಲ್ಲಿ ಬಿಡಿ. ಒತ್ತಡ ಹೇಳಿದಲ್ಲೇ ನಿಂತಿದೆಯೇ, ಪಂಪಿನ ಸದ್ದು ಬದಲಾಯಿತೇ ಗಮನಿಸಿ. ಆಫ್ ಮಾಡಿ ಬಾನೆಟ್ ಮುಚ್ಚಿಯೇ ಇಪ್ಪತ್ತು ನಿಮಿಷ ಕಾಯಿರಿ, ಮತ್ತೆ ಸ್ಟಾರ್ಟ್ ಮಾಡಿ ತಕ್ಷಣ ಏರುದಾರಿಯಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಡಿ. ಇದಿಷ್ಟರಲ್ಲಿ ಮುಳ್ಳು ಒಂದೆರಡು ಪಿಎಸ್‌ಐಗಿಂತ ಹೆಚ್ಚು ಅಲುಗದಿದ್ದರೆ ಕೆಲಸ ಆಗಿದೆ. ಅಲುಗಿದರೆ ಮತ್ತೆ ಟ್ಯಾಂಕಿನ ಮುಚ್ಚಳ ತೆಗೆದು ನೋಡುವುದರಿಂದ ಶುರುಮಾಡಿ.